ಗಾಜಿಗೆ ಹೋಗಬೇಕಿದ್ದ ಹೂಬಳ್ಳಿ

ಸ್ಟಿಕ್ಕರ್ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಬಗ್ಗಿ ಕೂತು, ಅಲ್ಲಿನವರೆಲ್ಲ ಕರೆಯುವಂತೆ ಅಕ್ಕನ ಬಲಗೈ ಬೆರಳುಗಳು ಜೋಮು ಹಿಡಿದಿದ್ದವು. ಯಂತ್ರ ಕತ್ತರಿಸಿ ಕೊಟ್ಟ ಸ್ಟಿಕ್ಕರ್ ಹಾಳೆಯಿಂದ ಬೇಡದ ಚೂರುಗಳನ್ನು ಸೂಜಿಯಲ್ಲಿ ಎಬ್ಬಿಸಿ ತೆಗೆಯುವುದು ಅವಳ ಕೆಲಸ. ಸೂಜಿ ಚುಚ್ಚಿದ್ದು ರಕ್ತ ಕಂಡ ಮೇಲೆಯೇ ತಿಳಿಯುತ್ತಿತ್ತು. ಹಾಳೆಗೆ ಕಲೆಯಾದರೆ ಬೈಗುಳ. ಬೆರಳಿಗಾದರೆ ಏನೂ ಇಲ್ಲ.

ಆಸ್ಪತ್ರೆಯ ಮಕ್ಕಳ ವಾರ್ಡಿನ ಗಾಜಿಗೆ ಅಂಟಿಸಲು ಸಂಜೆಯೊಳಗೆ ಹೂಬಳ್ಳಿ ಹೋಗಬೇಕಿತ್ತು. ಅಂಗಡಿಯಲ್ಲಿ ವಿನ್ಯಾಸ ಮಾಡುವ ಹುಡುಗಿ ಕುಳ್ಳಿ ಅದನ್ನು ತನ್ನ ಕಂಪ್ಯೂಟರಿನಲ್ಲಿ ಜೋಡಿಸಿದ್ದಳು. ಅವಳು ಬಳಸಿದ್ದು ಚಿತ್ರಗಳ ಫಾಂಟು. ಅಕ್ಷರದ ಕೀಲಿ ಒತ್ತಿದರೆ ಹೂವೋ ಎಲೆಯೋ ಮೂಡುತ್ತದೆ.

ಕತ್ತರಿಸುವ ಯಂತ್ರಕ್ಕೆ ಜೋಡಿಸಿದ ಹೊಸ ಕಂಪ್ಯೂಟರಿನಲ್ಲಿ ಆ ಫಾಂಟು ಇರಲಿಲ್ಲ. ಅದಿಲ್ಲದಿದ್ದರೆ ಬರುವುದು ಬರಿಯ ಅಕ್ಷರ. ಧಣಿಯ ಬಾಮೈದ ಫೈಲು ತೆರೆದವನೇ ಪರದೆಯತ್ತ ಕಣ್ಣೂ ಹಾಯಿಸದೆ ಗುಂಡಿ ಒತ್ತಿ ಚಹಾಕ್ಕೆ ಹೋದ. ಬರುವಷ್ಟರಲ್ಲಿ ಇಡೀ ರೋಲಿನ ತುಂಬ ಹೂವಿನ ಬದಲು ಅರ್ಥವಿಲ್ಲದ ಅಕ್ಷರಗಳು.

ಧಣಿ ರೋಲು ನೋಡಿದ. ಬಾಮೈದನನ್ನು ನೋಡಿದ. ಕುಳ್ಳಿಯ ಕಡೆ ತಿರುಗಿದ.

"ಏನಮ್ಮಾ, ಕಾಯಿಲೆ ಮಕ್ಕಳಿಗೆ ಕಾಗುಣಿತ ಕಲಿಸೋಕೆ ಹೊರಟಿದ್ದೀಯಾ?"

"ಎಲ್ಲಾನೂ ಚಿತ್ರವಾಗಿ ಬದಲಾಯಿಸಿ ಕಳಿಸ್ಬೇಕು, ಇಲ್ದಿದ್ರೆ ಅಲ್ಲಿ ಹೂವು ಬರಲ್ಲ ಅಂದಿದ್ದೆ ಸಾರ್. ಹೊತ್ತಾಗುತ್ತೆ, ಹಾಗೇ ಕಳಿಸು ಅಂದ್ರಿ ನೀವೇ."

"ನಾನಾ? ಯಾರು ಕೇಳಿಸ್ಕೊಂಡ್ರು?"

"ಎತ್ತಿಗೆ ಜ್ವರ, ಎಮ್ಮೆಗೆ ಬರೆ," ಎಂದು ಪಕ್ಕದ ಮೇಜಿನ ಚಿಕ್ಕಮ್ಮ ಗೊಣಗಿದಳು. ವಯಸ್ಸಿಗೆ ಹಿರಿಯಳು, ಅಲ್ಲಿ ಎಲ್ಲರಿಗೂ ಚಿಕ್ಕಮ್ಮ.

"ನಾಳೆಯಿಂದ ಬರಬೇಡ," ಎಂದ ಧಣಿ ಕುಳ್ಳಿಗೆ. ಆಮೇಲೆ ದನಿ ಇಳಿಸಿದ. "ಅಕ್ಕಾ, ನೀನು ಇಲ್ಲೇ ಇದ್ದೆಯಲ್ಲ. ಇವಳು ಏನೂ ಹೇಳ್ಲಿಲ್ಲ ತಾನೆ? ಹೂಂ ಅನ್ನು, ಸಾಕು."

ಹೂಂ ಅನ್ನುವುದು ಅಕ್ಕನಿಗೆ ಕಷ್ಟವೇನಲ್ಲ. ರಜೆಯಿಲ್ಲ ಎಂದಾಗ ಹೂಂ. ಊಟದ ಹೊತ್ತು ಕಡಿಮೆ ಮಾಡಿದಾಗಲೂ ಹೂಂ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಶಾಲೆಗೆ ಹೋಗುವ ಮಗಳು. ಈ ಮೇಜು ಬಿಟ್ಟರೆ ಅನ್ನಕ್ಕೆ ಬೇರೆ ದಾರಿಯಿಲ್ಲ. ಹೆದರಿಕೆಗಾಗಿ ಒಳಗೆಲ್ಲ ಹುಡುಕಿದಳು. ಸಿಗಲಿಲ್ಲ. ಸಿಟ್ಟೂ ಸಿಗಲಿಲ್ಲ.

"ಹೇಳಿದ್ಲು. ನೀವು ಬೇಡ ಅಂದ್ರಿ." ಹೊರಗೆ ಬಿಸಿಲಿದೆ ಎಂದು ಹೇಳುವಾಗಿನಷ್ಟೇ ಸಾಧಾರಣ ದನಿ ಅಕ್ಕನದು.

"ಹಾಗಾದ್ರೆ ನೀನೂ ಅವಳ ಜೊತೆ ನಡಿ."

"ಆಯ್ತು."

ಅಕ್ಕ ಸೂಜಿಯನ್ನು ಮೇಜಿನ ಮೇಲಿಟ್ಟು ಎದ್ದಳು. ಚಿಕ್ಕಮ್ಮನೂ ಸೂಜಿ ಇಟ್ಟಳು. ಅವಳಾಚೆ ಕೂತಿದ್ದವರೂ ಇಟ್ಟರು.

"ನಿಮಗೇನು ಬಂತು? ನಾನು ನಿಮ್ಮನ್ನ ಹೋಗಿ ಅಂದ್ನಾ?"

"ನಾವೆಲ್ಲಿ ಹೋಗ್ತಿದ್ದೀವಿ ಸ್ವಾಮಿ? ಕೂತಿದ್ದೀವಿ," ಎಂದಳು ಚಿಕ್ಕಮ್ಮ. "ಅವರಿಬ್ಬರೂ ಬಂದು ಕೂರಲಿ, ಸೂಜಿ ಎತ್ಕೋತೀವಿ."

ಅಕ್ಕ ಬಾಗಿಲಲ್ಲಿ ನಿಂತಳು, ಕುಳ್ಳಿ ಅವಳ ಪಕ್ಕ. ಬಾಮೈದ ಫಾಂಟು ತುಂಬಿಸಿ ಹೊಸ ರೋಲು ಹಾಕಿದ. ಈ ಸಲ ಯಂತ್ರ ಬಳ್ಳಿಯನ್ನು ಸರಿಯಾಗಿಯೇ ಕತ್ತರಿಸಿತು. ಆದರೆ ಸುತ್ತಲಿನದ್ದನ್ನು ಕಿತ್ತು ತೆಗೆಯದೆ ಹೂವು ಕಾಣುವುದಿಲ್ಲ. ಕಂಡದ್ದು ಬರಿಯ ಹಸಿರು ಹಾಳೆ. ಆಸ್ಪತ್ರೆಯಿಂದ ಫೋನು ಬಂತು. ಧಣಿ ಎತ್ತಲಿಲ್ಲ. ನಿಂತು ಮತ್ತೆ ಬಡಿದುಕೊಂಡಿತು.

ಯಾರೂ ಸೂಜಿ ಮುಟ್ಟಲಿಲ್ಲ.