ಕಪ್ಪು ಗಾಜಿನ ಕೆಂಪು ಕಾರು

“ಎಲ್ಲಾ ಗ್ಲಾಸಿಗೂ ಹಚ್ಚು. ಮುಂದಿಂದೂ ಬಿಡಬ್ಯಾಡ,” ಎಂದಳು ಪಾರ್ವತಿಬಾಯಿ.

ಮಹೆಬೂಬ ಕಾರಿನ ಸುತ್ತ ಒಮ್ಮೆ ತಿರುಗಿ ಬಂದು ಡ್ರೈವರ್ ಪಂಡರಿಯ ಮುಖ ನೋಡಿದ. ಪಂಡರಿ ಆಕಾಶ ನೋಡಿದ.

“ಮುಂದಿನ ಗ್ಲಾಸ್ ಕಪ್ಪ ಮಾಡಿದ್ರ ಇವ್ಗ ರಸ್ತಾ ಹ್ಯಾಂಗ ಕಾಣಬೇಕ್ರಿ ಬಾಯಾರೆ?” ಎಂದ ಮಹೆಬೂಬ. “ನೀವು ಕಲ್ಯಾಣಕ್ಕ ಹೋಗಿ ಮುಟ್ಟಂಗಿಲ್ಲ, ಸೀದಾ ಕೈಲಾಸಕ್ಕ ಮುಟ್ತೀರಿ.”

ಹುಮನಾಬಾದಿನಲ್ಲಿ, ಹೈದರಾಬಾದಿನ ರಸ್ತೆಯ ಅಂಚಿಗೆ ಮಹೆಬೂಬನ ಅಂಗಡಿ. ಅವನು ಮೊದಲು ಜೀಪುಗಳ ಹುಡ್ಡು, ಲಾರಿಗಳ ಸೀಟು ಹೊಲಿಯುತ್ತಿದ್ದ. ಎರಡು ವರ್ಷದಿಂದ ಕಾರುಗಳ ಗಾಜಿಗೆ ಕಪ್ಪು ಫಿಲಂ ಅಂಟಿಸುವ ಕೆಲಸ ಕಲಿತಿದ್ದ. ಅಂಬಾಸಿಡರ್, ಫಿಯೆಟ್ ಎಷ್ಟೋ ಅವನ ಕೈಯಲ್ಲಿ ಕಪ್ಪಾಗಿ ಹೋಗಿದ್ದವು. ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ಹಚ್ಚಿ ಕೂತಂತಿದ್ದ ಇಂಥ ಕೆಂಪು ಸ್ಪೋರ್ಟ್ಸ್ ಕಾರು ಮಾತ್ರ ಅವನ ಅಂಗಡಿಗೆ ಬಂದದ್ದು ಇದೇ ಮೊದಲು. ಬಸವಕಲ್ಯಾಣದ ಬೇಳೆ ಮಿಲ್ಲಿನ ಮಹಾರುದ್ರಪ್ಪ ಅದನ್ನು ಹೈದರಾಬಾದಿನಲ್ಲಿ ಯಾವುದೋ ಜಾಗೀರದಾರರ ಮೊಮ್ಮಗನಿಂದ ಕೊಂಡು ತಂದಿದ್ದ. ಊರಿನವರು ಅದಕ್ಕೆ ‘ಕುಂತ ಕಾರು’ ಎಂದು ಹೆಸರಿಟ್ಟಿದ್ದರು.

ಅಂಗಡಿಯೊಳಗಿಂದ ಮಹೆಬೂಬನ ಹೆಂಡತಿ ತಾಹೇರಾ ಬಂದಳು. ಫಿಲಂ ಕತ್ತರಿಸುವುದೂ ಅಂಟಿಸುವುದೂ ನಿಜವಾಗಿ ಅವಳೇ. ಮಹೆಬೂಬನ ಕೈ ಸೂಜಿಗೆ ಸರಿ, ಗಾಜಿಗೆ ನಡುಗುತ್ತಿತ್ತು. ಅವಳು ಬಕೆಟ್ಟಿನಲ್ಲಿ ಸಬಕಾರದ ನೀರು ಕದಡುತ್ತ ಕೇಳಿದಳು, “ಯಾರು ಕೂಡ್ತಾರ್ರಿ ಅಕ್ಕಾ ಒಳಗ? ಹೊಸಾ ಸೊಸೆ ಏನು?”

“ಸೊಸೆ ಅಲ್ಲ. ನಮ್ಮ ಮನಿಯವ್ರು.”

ತಾಹೇರಾ ಕದಡುವುದನ್ನು ನಿಲ್ಲಿಸಿದಳು. ಪಾರ್ವತಿಬಾಯಿಗೆ ಯಾರ ಮುಂದೆಯೂ ಹೇಳದ ಮಾತು ಈ ಪರಿಚಯವಿಲ್ಲದ ಹೆಂಗಸಿನ ಮುಂದೆ ತಾನಾಗಿಯೇ ಬಾಯಿಗೆ ಬಂತು.

ಮಾಘದಲ್ಲಿ ಅವಳ ಗಂಡ ಮಹಾರುದ್ರಪ್ಪ ಹೈದರಾಬಾದಿನಿಂದ ಬರುವಾಗ ದಾರಿಯುದ್ದಕ್ಕೂ ಗಾಜು ಇಳಿಸಿ, ಮೊಣಕೈ ಹೊರಗೆ ಚಾಚಿ ಕಾರು ಓಡಿಸಿದ್ದ. ಮರುದಿನ ಮುಂಜಾನೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿ ಎದೆಯ ಮೇಲೆ ಬಿತ್ತು. ಎಡಗಣ್ಣು ಮುಚ್ಚಲಿಲ್ಲ. ತುಟಿ ಒಂದು ಕಡೆ ಜೋತು ಬಿತ್ತು. ಲಕ್ವಾ ಹೊಡೆದದ್ದು ಮುಖಕ್ಕೆ ಮಾತ್ರ, ಕೈಕಾಲು ಉಳಿದವು ಎಂದು ಎಲ್ಲರೂ ಸಮಾಧಾನ ಹೇಳಿದರು. ಕಲ್ಯಾಣದ ಹಕೀಮರು ನಾಡಿ ಹಿಡಿದು, ನಲವತ್ತು ದಿನ ಕತ್ತಲೆ ಕೋಣೆಯಲ್ಲಿರಬೇಕು, ಗಾಳಿ ಸೋಕಬಾರದು, ಸಣ್ಣ ದೀಪದ ಬೆಳಕಿನಲ್ಲಿ ಕನ್ನಡಿ ನೋಡುತ್ತ ತುಟಿಯನ್ನು ಸರಿಯಾದ ಜಾಗಕ್ಕೆ ಕರೆಯಬೇಕು ಎಂದರು.

ನಲವತ್ತು ದಿನ ಮುಗಿಯಿತು. ಮುಖ ಮುಕ್ಕಾಲುಪಾಲು ಸರಿಹೋಯಿತು. ಇನ್ನು ಹೊರಗೆ ತಿರುಗಾಡಬಹುದು ಎಂದು ಹಕೀಮರು ಹೇಳಿ ಹೋದರು. ಮಹಾರುದ್ರಪ್ಪ ಮಾತ್ರ ಕೋಣೆಯಿಂದ ಹೊರಬರಲಿಲ್ಲ. ಉಳಿದ ಕಾಲುಪಾಲಿನ ಸೊಟ್ಟ ಅವನಿಗೆ ಊರಷ್ಟು ದೊಡ್ಡದಾಗಿ ಕಂಡಿತ್ತು. ಚೈತ್ರ ಹೋಗಿ ಆಷಾಢ ಬಂತು. ಮಿಲ್ಲಿನ ಮಾತನ್ನೆಲ್ಲ ಬಾಗಿಲ ಹಿಂದಿನಿಂದಲೇ ಮುಗಿಸುತ್ತಿದ್ದ. ನೋಡಲು ಬಂದ ಗೆಳೆಯರು ಚಹಾ ಕುಡಿದು, ಮುಖ ಕಾಣದೆ ತಿರುಗಿ ಹೋದರು.

“ಈಗ ದುಬಲಗುಂಡಿಯಿಂದ ಇವರ ಅಕ್ಕ ಗಯಾಬಾಯಿ ಹೇಳಿ ಕಳಿಸ್ಯಾಳ,” ಎಂದಳು ಪಾರ್ವತಿಬಾಯಿ. “ತಾಯಿ ಸತ್ತ ಮ್ಯಾಲ ಇವ್ರನ್ನ ಎತ್ತಿ ಆಡಿಸಿದಾಕಿ. ಟೊಂಕ ಮುರಕೊಂಡು ಬಿದ್ದಾಳ. ಪಂಚಮಿಗಿ ನನ್ನ ತಮ್ಮ ಬರಲಿಲ್ಲಂದ್ರ ನಾ ಅನ್ನ ಬಿಡ್ತೀನಿ ಅಂದಾಳ. ಬಿಡಾಕಿನೇ ಆಕಿ. ಇವ್ರು ಬರಂಗಿಲ್ಲ ಅಂತಾರ. ದಾರ್ಯಾಗ ಜನ ನೋಡ್ತಾರ ಅಂತಾರ.”

“ಅದಕ್ಕ ಕೋಣಿನೇ ಗಾಲಿ ಮ್ಯಾಲ ಇಡ್ಲಾಕತ್ತೀರಿ,” ಎಂದಳು ತಾಹೇರಾ. ನಕ್ಕಳೋ ನಿಟ್ಟುಸಿರು ಬಿಟ್ಟಳೋ ತಿಳಿಯಲಿಲ್ಲ. “ಬಾಜೂ, ಹಿಂದ, ಎಲ್ಲಾ ನಾ ಮುಚ್ಚಿ ಕೊಡ್ತೀನಿ. ಮುಂದಿಂದು ಆಗಂಗಿಲ್ಲಕ್ಕಾ. ಮುಂದ ಬಂದವ್ರಿಗಿ ಮುಖ ತೋರಿಸ್ಲೇಬೇಕು. ಅದಕ್ಕ ಯಾವ ಫಿಲಂನೂ ಇಲ್ಲ.”

ಮುಂದಿನ ಗಾಜಿನ ಮೇಲಂಚಿಗೆ ಒಂದು ಗೇಣು ಪಟ್ಟಿ ಹಚ್ಚುವುದೆಂದೂ, ಆ ಕಾರಿನ ಸೀಟು ಹೇಗೂ ಬಾವಿಯಂತೆ ತಗ್ಗು, ಒರಗಿ ಕೂತರೆ ಮುಖ ಕಾಣುವುದಿಲ್ಲವೆಂದೂ ತೀರ್ಮಾನವಾಯಿತು. ಪಕ್ಕದ ಗಾಜುಗಳಿಗೆ ಮಹೆಬೂಬ ಹೊಳಪಿನ ಫಿಲಂ ಆರಿಸಿದ. ಹಗಲು ಹೊತ್ತು ಹೊರಗಿನವರಿಗೆ ಒಳಗೇನೂ ಕಾಣದು, ತಮ್ಮ ಮುಖವೇ ಕಾಣುತ್ತದೆ ಎಂದ.

ತಾಹೇರಾ ಗಾಜನ್ನು ತೊಳೆದು, ನೀರು ಚಿಮುಕಿಸಿ, ಫಿಲಮನ್ನು ಹಸುಗೂಸಿಗೆ ಬಟ್ಟೆ ಹೊದಿಸುವ ಹಾಗೆ ಮೆತ್ತಗೆ ಹಾಸಿದಳು. ಗಟ್ಟಿ ರಬ್ಬರಿನ ತುಂಡಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಹೋದಂತೆ ನೀರೂ ಗುಳ್ಳೆಗಳೂ ಓಡಿ ಹೊರಬಿದ್ದವು. ಪಾರ್ವತಿಬಾಯಿ ಸ್ಟೂಲಿನ ಮೇಲೆ ಕೂತು ಆ ಕೈಯನ್ನೇ ನೋಡುತ್ತಿದ್ದಳು. ತಾಹೇರಾಗೆ ಹೇಳದೆ ಉಳಿಸಿಕೊಂಡ ಒಂದು ಮಾತು ಅವಳೊಳಗೆ ಇನ್ನೂ ಗುಳ್ಳೆಯ ಹಾಗೆ ಕೂತಿತ್ತು.

ಆ ಮಾತು ಇದು: ಈ ಆರು ತಿಂಗಳು ಅವಳು ಸುಖವಾಗಿದ್ದಳು.

ಮದುವೆಯಾಗಿ ಮೂವತ್ತು ವರ್ಷ. ಗಂಡ ಕೆಟ್ಟವನಲ್ಲ, ಆದರೆ ಮನೆಯವನೂ ಅಲ್ಲ. ಮಿಲ್ಲು, ಇಸ್ಪೀಟು, ಗೆಳೆಯರು, ಆಮೇಲೆ ಈ ಕಾರು. ಉಣ್ಣಲು ಬರುತ್ತಿದ್ದ, ಮಲಗಲು ಬರುತ್ತಿದ್ದ. ಕತ್ತಲೆ ಕೋಣೆ ಹೊಕ್ಕ ಮೇಲೆ ಅವನಿಗೆ ಅವಳೊಬ್ಬಳೇ ಉಳಿದಳು. ಮೊದಮೊದಲು ಮಾತಿರಲಿಲ್ಲ. ಒಂದು ದಿನ ರೊಟ್ಟಿ ಮುರಿಯುತ್ತ, “ಈ ಪುಂಡಿಪಲ್ಯಾಕ ಏನು ಹಾಕ್ತಿ ನೀನು?” ಎಂದು ಕೇಳಿದ. ಮೂವತ್ತು ವರ್ಷ ಉಂಡ ಪಲ್ಯ ಅದು. ಅವಳು ಹೇಳಿದಳು. ಮರುದಿನ ಅವಳ ತವರಿನ ಬಾವಿಯ ಬಗ್ಗೆ ಕೇಳಿದ. ಹಾಗೇ ದಿನಕ್ಕೊಂದು. ನಲವತ್ತೊಂಬತ್ತನೆಯ ವರ್ಷದಲ್ಲಿ ಅವಳು ಮುಸ್ಸಂಜೆಗೆ ತಲೆ ಬಾಚಿಕೊಂಡು, ಗಂಗಾಳ ಹಿಡಿದು ಆ ಬಾಗಿಲು ನೂಕುವಾಗ ಎದೆ ಹೊಸ ಸೊಸೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಆ ಸೊಟ್ಟ ಬಾಯಿಯ ಮೇಲೆ ಅವಳಿಗೆ ಅಸಹ್ಯವಿರಲಿಲ್ಲ. ಅದು ಪೂರ್ತಿ ಸರಿಯಾಗದಿದ್ದರೂ ಅಡ್ಡಿಯಿಲ್ಲ ಎಂದು ಒಮ್ಮೆ ಅನಿಸಿ, ದೇವರ ಮುಂದೆ ಕಿವಿ ಹಿಡಿದುಕೊಂಡಿದ್ದಳು.

ಅವನು ಹೊರಬಂದರೆ ಊರಿನವನಾಗುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಬಂದು ಕೂತಿದ್ದಳು. ಅಕ್ಕನನ್ನು ಕಾಣದೆ ಅವನು ಒಳಗೇ ಒಣಗುವುದನ್ನು ನೋಡುವುದೂ ಅವಳಿಂದಾಗದು.

ಕಾರನ್ನು ಮನೆಗೆ ತಂದು ಮೂರು ದಿನ ಶೆಡ್ಡಿನಲ್ಲಿ ಒಣಗಲು ಬಿಟ್ಟರು. ಪಂಚಮಿಗೆ ಎರಡು ದಿನವಿದೆ ಎನ್ನುವಾಗ, ಓಣಿಯವರೆಲ್ಲ ಉಂಡು ಅಡ್ಡಾದ ಮಧ್ಯಾಹ್ನ, ಅವಳು ಅವನನ್ನು ಹಿತ್ತಿಲ ಬಾಗಿಲಿನಿಂದ ಕರೆತಂದಳು. ಅವನು ಶ್ರಾವಣದ ಸೆಕೆಯಲ್ಲೂ ಕಿವಿಯಿಂದ ಗದ್ದದವರೆಗೆ ಟವೆಲ್ ಸುತ್ತಿಕೊಂಡಿದ್ದ. ಕಾರನ್ನು ನೋಡಿ ನಿಂತ.

“ನನ್ನ ಕಾರಿಗಿ ಬುರ್ಖಾ ಹಾಕಿಸ್ಕೊಂಡು ಬಂದೀಯಲ್ಲ?”

“ಹೂಂ. ನಿಮಗ ಹಾಕಸೋದಕಿಂತ ಇದು ಚಂದ ಕಾಣ್ತದ ಅಂತ ತಿಳದೆ. ಕೂಡ್ರಿ ಸುಮ್ನ.”

ಅವಳೇ ಮೊದಲು ಹಿಂದಿನ ಸೀಟಿಗೆ ನುಸುಳಬೇಕಾಯಿತು. ಆ ಸೀಟು ಹೆಸರಿಗೆ ಮಾತ್ರ. ಮೊಣಕಾಲು ಎದೆಗೆ ಬಂತು. ಮುಂದಿನ ಸೀಟು ಮಡಚಿದರಷ್ಟೇ ಹಿಂದಿನವರಿಗೆ ದಾರಿ. ಅವನು ಮುಂದೆ ಎಡಕ್ಕೆ ಒರಗಿ ಕೂತ. ಪಂಡರಿ ಕಾರು ಎಬ್ಬಿಸಿದ.

ಕಲ್ಯಾಣ ದಾಟುವವರೆಗೆ ಮಹಾರುದ್ರಪ್ಪ ಕಣ್ಣು ಮುಚ್ಚಿಕೊಂಡಿದ್ದ. ಹೊಲಗಳು ಬಂದ ಮೇಲೆ ತೆರೆದ. ಹೆಸರು, ಉದ್ದು ಹೂವಿಗೆ ಬಂದಿದ್ದವು. “ಮಳಿ ಆಗ್ಯಾದಲ್ಲ,” ಎಂದ, ಯಾರೋ ತನ್ನಿಂದ ಮುಚ್ಚಿಟ್ಟ ಸುದ್ದಿಯೆಂಬಂತೆ.

ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹತ್ತಿರ ಅಕ್ಕನಿಗೆ ಬಾಳೆಹಣ್ಣು, ಕಾಯಿ ತರಲು ಪಂಡರಿ ಕಾರು ನಿಲ್ಲಿಸಿ ಇಳಿದುಹೋದ. ಪಂಚಮಿಗೆ ತವರಿಗೆ ಹೊರಟ ಹೆಣ್ಣುಮಕ್ಕಳಿಂದ ಸ್ಟ್ಯಾಂಡ್ ತುಂಬಿತ್ತು. ಆಗ ಪಾರ್ವತಿಬಾಯಿ ಲೆಕ್ಕ ಹಾಕದಿದ್ದ ಒಂದು ಸಂಗತಿ ನಡೆಯಿತು. ಯಾರಿಗೂ ಕಾಣಬಾರದೆಂದು ಮಾಡಿಸಿದ ಗಾಜಿಗೆ ಜನ ತಾವಾಗಿಯೇ ಹತ್ತಿರ ಬಂದರು.

ಮೊದಲು ಒಬ್ಬ ಕಂಡಕ್ಟರ್. ನೇರವಾಗಿ ಮಹಾರುದ್ರಪ್ಪನ ಮುಖಕ್ಕೆ ಮುಖ ಕೊಟ್ಟು ಬಾಗಿದ. ಮಹಾರುದ್ರಪ್ಪ ಬೆಚ್ಚಿ ಟವೆಲ್ ಮೇಲೆಳೆದುಕೊಂಡ. ಕಂಡಕ್ಟರ್ ಹಲ್ಲಿನ ಸಂದಿಯ ಅಡಿಕೆಚೂರು ಉಗುರಿನಿಂದ ತೆಗೆದು, ಮೀಸೆ ತೀಡಿ ಹೋದ.

“ನನ್ನ ನೋಡ್ಲಿಲ್ಲಲ್ಲ ಅವ.”

“ಅವಗ ಅವನೇ ಕಾಣ್ತಾನ್ರಿ,” ಎಂದಳು ಪಾರ್ವತಿಬಾಯಿ ಹಿಂದಿನಿಂದ.

ಆಮೇಲೆ ಒಬ್ಬ ಮುದುಕ ಬಂದು ರುಮಾಲು ಬಿಚ್ಚಿ, ಬೋಳು ತಲೆ ನೋಡಿಕೊಂಡು, ಬೇಸರದಿಂದ ಮತ್ತೆ ಸುತ್ತಿಕೊಂಡ. ಮಹಾರುದ್ರಪ್ಪನ ಗಂಟಲಿನಲ್ಲಿ ಏನೋ ಗುಳುಗುಳು ಎಂದಿತು. ಅವನು ನಗುತ್ತಿದ್ದಾನೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಮೂರನೆಯವಳು ಮೂವತ್ತರ ಹೆಂಗಸು. ಕಾರಿನ ಮೇಲೆ ತನ್ನ ಬಟ್ಟೆಯ ಗಂಟು ಇಟ್ಟು ಗಾಜಿಗೆ ಎದುರಾದಳು. ಅತ್ತು ಕಣ್ಣು ಊದಿದ್ದವು. ಸೆರಗಿನ ತುದಿ ಒದ್ದೆ ಮಾಡಿ ಮುಖ ಒರೆಸಿಕೊಂಡಳು. ಸೊಂಟದ ಚೀಲದಿಂದ ಕುಂಕುಮ ತೆಗೆದು ಇಟ್ಟುಕೊಂಡಳು. ಆಮೇಲೆ ನಗಲು ನೋಡಿದಳು. ತುಟಿಯ ಒಂದು ತುದಿ ಏರಿತು, ಇನ್ನೊಂದು ಏರಲಿಲ್ಲ. ಕೆಳಗಿಳಿಸಿ ಮತ್ತೆ ನೋಡಿದಳು. ಗಂಡನ ಮನೆಯ ಯಾವ ಮಾತನ್ನು ತವರಿನ ಬಾಗಿಲಿನ ಹೊರಗೇ ಬಿಟ್ಟು ಒಳಹೋಗಬೇಕೋ, ಅದಕ್ಕೆ ತಕ್ಕ ಮುಖವನ್ನು ಅವಳು ಅಲ್ಲಿ ನಿಂತು ತಯಾರಿಸಿಕೊಳ್ಳುತ್ತಿದ್ದಳು.

ಪಾರ್ವತಿಬಾಯಿ ಕಣ್ಣು ತಪ್ಪಿಸಬೇಕೆಂದುಕೊಂಡಳು. ಆಗ ಗಂಡನನ್ನು ಕಂಡಳು. ಅವನ ಟವೆಲ್ ಜಾರಿತ್ತು. ಆ ಹೆಂಗಸಿನ ತುಟಿ ಏಳುವಾಗ ಅವನ ತುಟಿಯೂ ಏಳುತ್ತಿತ್ತು, ಇಳಿಯುವಾಗ ಇಳಿಯುತ್ತಿತ್ತು. ಕೂಸಿಗೆ ಉಣಿಸುವ ತಾಯಿ ತಾನೂ ಬಾಯಿ ತೆರೆಯುವ ಹಾಗೆ. “ಇನ್ನ ಸ್ವಲ್ಪ, ಇನ್ನ ಸ್ವಲ್ಪ, ತಂಗಿ,” ಎಂದು ಅವನು ಪಿಸುಗುಡುತ್ತಿದ್ದ.

ಅಷ್ಟರಲ್ಲಿ ಯಾರೋ “ಭಾಗಮ್ಮಾ, ಕೊಡಂಬಲ ಬಸ್ ಬಿಡ್ಲಾಕತ್ತಾದ,” ಎಂದು ಕೂಗಿದರು. ಆಕೆ ಓಡಿದಳು. ಗಂಟು ಕಾರಿನ ಮೇಲೆಯೇ ಉಳಿಯಿತು.

“ಆಕಿ ಗಂಟು,” ಎಂದಳು ಪಾರ್ವತಿಬಾಯಿ. “ಇಳೀರಿ, ನನಗ ದಾರಿ ಕೊಡ್ರಿ, ನಾ ಕೊಟ್ಟು ಬರ್ತೀನಿ.”

ಅವನು ಬಾಗಿಲು ತೆರೆದು ಇಳಿದ. ಸೀಟು ಮಡಚಲು ಬಗ್ಗಿದ. ಮಡಚುವ ಹಿಡಿಕೆ ಸಿಗಲಿಲ್ಲ. ಬಸ್ಸು ಹಿಂದಕ್ಕೆ ಸರಿದು ತಿರುಗುತ್ತಿತ್ತು. ಒಂದು ಗಳಿಗೆ ಅವನು ಹೆಂಡತಿಯ ಮುಖ ನೋಡಿದ, ಬಸ್ಸು ನೋಡಿದ. ಗಂಟು ಎತ್ತಿಕೊಂಡು ನಡೆದೇಬಿಟ್ಟ. ನಡೆದವನು ಓಡಿದ. ಬಾಗಿಲು ಹಿಂದೆ ತಾನೇ ಮುಚ್ಚಿಕೊಂಡಿತು.

ಕಪ್ಪು ಗಾಜಿನ ಒಳಗಿಂದ ಪಾರ್ವತಿಬಾಯಿ ಎಲ್ಲ ನೋಡಿದಳು. ಆರು ತಿಂಗಳು ಯಾರಿಗೂ ಕಾಣದಿದ್ದ ಗಂಡ ಬಸ್‌ಸ್ಟ್ಯಾಂಡಿನ ನಡುವೆ ಧೋತರ ಎತ್ತಿ ಹಿಡಿದು ಬಸ್ಸಿನ ಪಕ್ಕ ಓಡುತ್ತಿದ್ದ. ಟವೆಲ್ ಎಲ್ಲೋ ಬಿದ್ದಿತ್ತು. ಅವನು ಬಸ್ಸಿನ ತಗಡು ಬಡಿದ, ಬಸ್ಸು ನಿಂತಿತು. ಕಿಟಕಿಯಿಂದ ಭಾಗಮ್ಮ ಕೈ ಚಾಚಿ ಗಂಟು ತೆಗೆದುಕೊಂಡಳು, ಅವನ ಮುಖ ನೇರವಾಗಿ ನೋಡುತ್ತ ಏನೋ ಅಂದಳು. ಅವನೂ ಏನೋ ಅಂದ. ಅವಳು ನಕ್ಕಳು. ಈ ಸಲ ಎರಡೂ ತುದಿ ಒಟ್ಟಿಗೆ ಏರಿದವು. ಬಸ್ಸು ಹೋಯಿತು.

ಅವನು ಅಲ್ಲೇ ನಿಂತಿದ್ದ. ಯಾರೋ ಗುರುತು ಹಿಡಿದರು. ಚಹಾದಂಗಡಿಯಿಂದ ಇಬ್ಬರು ಎದ್ದು ಬಂದು ಕೈ ಹಿಡಿದರು. ಮತ್ತೊಬ್ಬ ಬೆನ್ನು ತಟ್ಟಿದ. ಅವನು ಮಾತಾಡುತ್ತಿದ್ದ, ಕೈಯಾಡಿಸುತ್ತಿದ್ದ. ಒಮ್ಮೆಯೂ ಎಡಗೆನ್ನೆಗೆ ಕೈ ಒಯ್ಯಲಿಲ್ಲ.

ಪಾರ್ವತಿಬಾಯಿಗೆ ಕಣ್ಣು ತುಂಬಿ ಬಂತು. ಗೆದ್ದೆ ಎನಿಸಿತು. ಅದೇ ಉಸಿರಿನಲ್ಲಿ, ಮುಗಿಯಿತು ಎಂದೂ ಅನಿಸಿತು. ಇನ್ನು ಮುಸ್ಸಂಜೆಗೆ ಆ ಕೋಣೆ ಖಾಲಿ. ಮೊಣಕಾಲು ಮಡಚಿ ಕೂತಲ್ಲೇ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಲ್ಲಿ ಅತ್ತರೂ ಯಾರಿಗೂ ಕಾಣುವುದಿಲ್ಲ ಎಂಬುದೊಂದು ಅನುಕೂಲ.

ಅವನು ಕಾರಿನ ಕಡೆ ಬಂದ. ಗಾಜಿಗೆ ಹಣೆ ಹಚ್ಚಿ, ಎರಡೂ ಕೈ ಕಣ್ಣಿಗೆ ಮರೆ ಮಾಡಿ ಒಳಗೆ ಇಣುಕಿದ. ಅಷ್ಟು ಹತ್ತಿರದಿಂದ, ಅಷ್ಟು ಬೆಳಕಿನಲ್ಲಿ ಆ ಮುಖವನ್ನು ಅವಳು ನೋಡಿರಲಿಲ್ಲ.

“ಪಾರ್ವತೀ, ಒಳಗ ಅದೀಯೋ ಇಲ್ಲೋ?”

“ಎಲ್ಲಿ ಹೋಗ್ಲಿ? ನನ್ನ ಪೆಟಿಗ್ಯಾಗ ಇಟ್ಟು ಮುಚ್ಚಿ ಹೋಗೀರಿ.”

ಅವನು ಬಾಗಿಲು ತೆರೆದು, ಹುಡುಕಿ ಹಿಡಿಕೆ ಎಳೆದು ಸೀಟು ಮಡಚಿದ. “ಬಾ ಇಳಿ. ಇಲ್ಲಿ ಚಾ ಛಲೋ ಮಾಡ್ತಾನ. ಮೊದಲು ಈ ಕಡಿ ಬಂದಾಗೆಲ್ಲಾ ಇಲ್ಲೇ ಕುಡೀತಿದ್ದೆ.”

“ನಾನೇನು ಮಾಡ್ಲಿ ಅಲ್ಲಿ, ಗಂಡಸ್ರ ನಡುವ? ನೀವು ಕುಡದು ಬರ್ರಿ.”

“ಒಬ್ಬನೇ ಹೋಗ್ಲಾಕ ಬ್ಯಾಸರಾ,” ಎಂದ ಅವನು. “ಅವ್ರ ಕೂಡ ಮಾತು ಎರಡು ನಿಮಿಷಕ್ಕ ಮುಗಿದು ಹೋಯ್ತು. ಬಾ.”

ಅಷ್ಟು ಜನರೆದುರು ಅವನು ಕೈ ಚಾಚಿದ. ತಗ್ಗಿನ ಆ ಕಾರಿನಿಂದ ಮೇಲೇಳುವುದು ಬಾವಿಯಿಂದ ಕೊಡ ಎತ್ತಿದ ಹಾಗೆ. ಅವಳ ಕಾಲು ಜೋಮು ಹಿಡಿದಿತ್ತು. ಅವಳು ಆ ಕೈ ಹಿಡಿದು, ಬಾಗಿಲಿನ ಅಂಚಿಗೆ ತಲೆ ಬಡಿಸಿಕೊಂಡು, ಹೊರಗೆ ಬಂದು ನಿಂತಳು.

“ಹೌಂದ, ಬಸ್ಸಿನ್ಯಾಗ ಆಕಿಗೇನಂದ್ರಿ? ಭಾಳ ನಕ್ಕಳು.”

“ನನ್ನ ಬಾಯಿ ನೋಡಿ, ಏನಾಗ್ಯಾದಣ್ಣಾ ಅಂದಳು. ನಗೋದು ಮರ್ತಿತ್ತು ತಂಗಿ, ಈಗ ಕಲೀಲಾಕತ್ತೀನಿ ಅಂದೆ.”

ಜೋಮು ಇಳಿಯುವವರೆಗೆ ಅವನು ಅವಳ ಕೈ ಬಿಡಲಿಲ್ಲ. ಆಮೇಲೆ ಇಬ್ಬರೂ ಚಹಾದಂಗಡಿಯ ಬೆಂಚಿನ ಕಡೆಗೆ ನಿಧಾನ ನಡೆದರು.