ತೋಳಿನ ತುದಿಯ ಸವೆತ

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ರಿಪೇರಿಗೆ ಬಂದ ಪ್ಯಾಂಟನ್ನು ಒಮ್ಮೆ ತಿರುಗಿಸಿ ನೋಡಿದರೆ ಸಾಕು, ಅದನ್ನು ತೊಡುವವನು ಸ್ಕೂಟರ್ ಓಡಿಸುತ್ತಾನೋ, ಜೇಬಿನಲ್ಲಿ ಬೀಗದ ಕೈ ಗೊಂಚಲು ಹೊರುತ್ತಾನೋ, ಇಡೀ ದಿನ ಕುರ್ಚಿ ಬಿಟ್ಟೇಳದ ಗುಮಾಸ್ತನೋ ಎಂದು ಥಟ್ಟನೆ ಹೇಳಿಬಿಡುವಳು. ಗಿರಾಕಿಗಳಿಗೆ ಅದೊಂದು ಮೋಜು. "ಅಕ್ಕಾ, ನನ್ನ ಹೆಂಡ್ತಿಗೆ ಮಾತ್ರ ಏನೂ ಹೇಳ್ಬೇಡಿ" ಎಂದು ನಗುತ್ತಿದ್ದರು. ಇಷ್ಟೆಲ್ಲ ಚುರುಕಿದ್ದವಳಿಗೆ ಸ್ವಂತ ತಮ್ಮನ ವಿಷಯದಲ್ಲಿ ಎರಡು ವರ್ಷ ಕಣ್ಣಿಗೆ ಮಂಕು ಕವಿದಿತ್ತು ಎಂದರೆ ಯಾರನ್ನು ಬೈಯುವುದು?

ತಮ್ಮನಿಗೆ ಮೂವತ್ತನಾಲ್ಕು. ಆಟಿಸಂ. ಬಾಯಲ್ಲಿ ಹತ್ತು ಪದ ಹುಟ್ಟಿದರೆ ಹೆಚ್ಚು, ಆದರೆ ಕಾಲು ಮಾತ್ರ ಒಂದು ಕಡೆ ನಿಂತದ್ದಿಲ್ಲ. ಅಮ್ಮ ಇದ್ದಾಗ ಬೆಳಿಗ್ಗೆ ಸಂಜೆ ಅವನ ಹಿಂದೆ ನಡೆಯುವುದೇ ಅವಳಿಗೊಂದು ಉದ್ಯೋಗ. ಅಮ್ಮ ಕಣ್ಣು ಮುಚ್ಚಿದ ಮೇಲೆ ಅಂಗಡಿ, ತಮ್ಮ ಎರಡನ್ನೂ ತೂಗಿಸಲಾಗದೆ ಅಕ್ಕ ಅವನನ್ನು ಊರಾಚೆಯ ವಸತಿಗೃಹಕ್ಕೆ ಸೇರಿಸಿದಳು. ಇಂಥವರೇ ಹನ್ನೆರಡು ಜನ ದೊಡ್ಡವರು ಇರುವ ಮನೆ. ನೆಲ ಫಳಫಳ, ಕಿಟಕಿಗೆ ಪರದೆ. ಅಲ್ಲಿನ ಮೇಲ್ವಿಚಾರಕಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಆಕೆಯದು ಬೆಣ್ಣೆಯಂಥ ಮಾತು.

"ಬಂಗಾರದಂಥವನು ನಿಮ್ಮ ತಮ್ಮ. ಮನೇಲಿ ಇದ್ದಾನೋ ಇಲ್ವೋ ಅಂತಾನೇ ಗೊತ್ತಾಗಲ್ಲ" ಎಂದು ಆಕೆ ತಿಂಗಳಿಗೊಮ್ಮೆ, ಭೇಟಿಯ ಭಾನುವಾರ, ಹೇಳುವಳು. ಅಕ್ಕನಿಗೆ ಹಿಗ್ಗೋ ಹಿಗ್ಗು. ಒಂದು ಗಳಿಗೆ ಕೂರದವನು ಇದ್ದಾನೋ ಇಲ್ಲವೋ ತಿಳಿಯದಂತೆ ಆದದ್ದು ಹೇಗೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಬದಲಿಗೆ, ತಮ್ಮನನ್ನು ಬಿಟ್ಟುಬಂದ ಸಂಕಟ ಕಳೆದುಕೊಳ್ಳಲು, ಅಲ್ಲಿಯವರ ಹರಿದ ಬಟ್ಟೆಗಳನ್ನೆಲ್ಲ ಚೀಲದಲ್ಲಿ ತಂದು ಪುಕ್ಕಟೆ ಹೊಲಿದು ಕೊಡುತ್ತಿದ್ದಳು.

ಆ ತಿಂಗಳು, ಬಟ್ಟೆ ಆರಿಸಿಕೊಡುತ್ತಿದ್ದ ಹಳೆಯ ಆಯಾ ರಜೆಯಲ್ಲಿದ್ದಳು. ಹೊಸದಾಗಿ ಬಂದವಳಿಗೆ ಯಾವುದನ್ನು ಕೊಡಬೇಕು, ಯಾವುದನ್ನು ಕೊಡಬಾರದು ಎಂದು ಯಾರೂ ಹೇಳಿರಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿ ಕಳಿಸಿದ್ದಳು.

ಮಂಗಳವಾರ ಬೆಳಿಗ್ಗೆ ಅಕ್ಕ ಚೀಲ ಬಿಚ್ಚಿದಳು. ಮೊದಲು ಸಿಕ್ಕಿದ್ದು ತಮ್ಮನ ಪ್ಯಾಂಟು. ಕೂರುವ ಜಾಗದಲ್ಲಿ ಬಟ್ಟೆ ಸವೆದು, ಬೆಳಕಿಗೆ ಹಿಡಿದರೆ ಎದುರು ಗೋಡೆ ಕಾಣುವಂತಿತ್ತು. ಕಾಲಿನ ಮಡಿಕೆ ನೋಡಿದರೆ ನಿನ್ನೆ ಹೊಲಿದ ಹಾಗೆ, ಒಂದು ಎಳೆ ಬಿಚ್ಚಿಲ್ಲ. ಮೇಡಂ ಹೇಳುವ ಹಾಗೆ ದಿನಾ ಎರಡು ಹೊತ್ತು ವಾಕಿಂಗ್ ಹೋಗುವವನ ಪ್ಯಾಂಟು ಹೀಗಿರುತ್ತದೆಯೇ? ಅವಳು ಅಂಗಿ ತೆಗೆದಳು. ಎರಡೂ ತೋಳುಗಳ ತುದಿಯಲ್ಲಿ, ಗುಂಡಿಪಟ್ಟಿಗಿಂತ ತುಸು ಮೇಲೆ, ಸುತ್ತಲೂ ಒಂದು ಪಟ್ಟೆಯಷ್ಟು ಅಗಲಕ್ಕೆ ಬಟ್ಟೆ ಉಜ್ಜಿ ಉಜ್ಜಿ ಜುಂಗಾಗಿತ್ತು. ಮೇಜಿಗೆ ತಗುಲಿ ಸವೆದರೆ ಕೆಳಭಾಗ ಮಾತ್ರ ಸವೆಯಬೇಕು. ಇದು ಸುತ್ತಲೂ ಸವೆದಿತ್ತು. ಇನ್ನೊಂದು ಅಂಗಿ ತೆಗೆದಳು, ಅದರ ಕಾಲರಿನಲ್ಲಿ ಬೇರೆಯವರ ನಂಬರು, ತೋಳಿನಲ್ಲಿ ಅದೇ ಪಟ್ಟೆ. ಮೂರನೆಯದು, ನಾಲ್ಕನೆಯದು, ಎಲ್ಲವೂ ಹಾಗೆಯೇ.

ಕೈ ತನ್ನಷ್ಟಕ್ಕೆ ಟೇಪು ಹಿಡಿದು ಅಳೆಯಿತು. ಎರಡೂವರೆ ಇಂಚು.

ಆ ಅಳತೆ ಅವಳಿಗೆ ಹೊಸದಲ್ಲ. ಎಂಟು ತಿಂಗಳ ಹಿಂದೆ ಮೇಡಂ ಫೋನ್ ಮಾಡಿ, ವ್ಯಾಯಾಮಕ್ಕೆ ಬಟ್ಟೆಯ ಬೆಲ್ಟು ಬೇಕು, ಎರಡೂವರೆ ಇಂಚು ಅಗಲ, ಹನ್ನೆರಡು ಜೊತೆ ಎಂದಿದ್ದಳು. ಎರಡು ಪದರ ಗಟ್ಟಿ ಬಟ್ಟೆ ಕೊಟ್ಟು, ಬಕಲ್ ಹಾಕಿ, ಹೊಲಿದು ಕಳಿಸಿದವಳು ಇವಳೇ. ಒಳಗೆ ಹತ್ತಿ ತುಂಬಿದರೆ ಮೈಗೆ ಒತ್ತುವುದಿಲ್ಲ ಎಂದು ತಾನಾಗಿ ಸಲಹೆ ಬೇರೆ ಕೊಟ್ಟಿದ್ದಳು. ಅಷ್ಟು ಚೆಂದದ ಕೆಲಸ ಮಾಡಿದೆನೆಂದು ಆ ದಿನವಿಡೀ ಹಾಡು ಗುನುಗಿದ್ದಳು, ಪಾಪಿ.

ಅಂಗಿಗಳನ್ನು ಮತ್ತೆ ಚೀಲಕ್ಕೆ ತುರುಕಿ, ಅಂಗಡಿಯ ಬಾಗಿಲು ಎಳೆದು ಅವಳು ನೇರ ಅಲ್ಲಿಗೇ ಹೋದಳು.

"ಇವತ್ತು ಭೇಟಿ ದಿನ ಅಲ್ವಲ್ಲಕ್ಕಾ" ಎಂದ ಗೇಟಿನ ವಾಚ್‌ಮನ್.

"ಹೊಸ ಪ್ಯಾಂಟಿಗೆ ಅಳತೆ ತಗೋಬೇಕು. ಐದು ನಿಮಿಷ."

ಅವನು ಒಳಗೆ ಫೋನ್ ಮಾಡಿದ. ಇಪ್ಪತ್ತು ನಿಮಿಷ ಕಾಯಿಸಿದರು. ಒಳಗಿನಿಂದ ಮನುಷ್ಯರ ದನಿ ಒಂದೂ ಇಲ್ಲ. ಕುರ್ಚಿ ಸರಿಸಿದ ಸದ್ದು, ಬೀರುವಿನ ಬಾಗಿಲು ಹಾಕಿದ ಸದ್ದು, ಅವಸರದ ಹೆಜ್ಜೆಗಳು, ಅಷ್ಟೇ.

ಕೊನೆಗೆ ಒಳಗೆ ಬಿಟ್ಟಾಗ, ಹಾಲ್‌ನ ಬಾಗಿಲ ಬಳಿಯ ಮೇಜಿನ ಮೇಲೆ ದಿನಚರಿಯ ಹಾಳೆ ಇತ್ತು. ಗಡಿಯಾರದಲ್ಲಿ ಹನ್ನೊಂದು ಗಂಟೆ ಹತ್ತು ನಿಮಿಷ. ತಮ್ಮನ ಹೆಸರಿನ ಮುಂದೆ ಆಗಲೇ ಬರೆದಾಗಿತ್ತು: ಸಂಜೆ ನಾಲ್ಕಕ್ಕೆ ವಾಕಿಂಗ್, ಖುಷಿಯಾಗಿದ್ದ, ರಾತ್ರಿ ಪೂರ್ತಿ ಊಟ, ಒಳ್ಳೆಯ ನಿದ್ರೆ.

ಗೋಡೆಯುದ್ದಕ್ಕೂ ಹನ್ನೆರಡು ಕುರ್ಚಿ, ಹನ್ನೆರಡು ಗಂಡಸರು. ದನಿ ತೆಗೆದ ಟಿವಿಯಲ್ಲಿ ಯಾರೋ ಕುಣಿಯುತ್ತಿದ್ದರು. ತಮ್ಮ ಮೂರನೆಯ ಕುರ್ಚಿಯಲ್ಲಿದ್ದ. ತಲೆ ನೀಟಾಗಿ ಬಾಚಿತ್ತು, ಕೆನ್ನೆ ಇಳಿದಿತ್ತು. ಅಕ್ಕ ಅವನ ಮುಂದೆ ಕುಕ್ಕರಿಸಿ, "ಏಳೋ ರಾಜಾ, ಅಳತೆ ತಗೊಳ್ತೀನಿ" ಎಂದು ಚೀಲದಿಂದ ಟೇಪು ತೆಗೆದಳು. ಉದ್ದನೆಯ, ಚಪ್ಪಟೆಯ ಟೇಪು ಅವಳ ಕೈಯಿಂದ ಜೋತಾಡಿತು.

ತಮ್ಮ ಏಳಲಿಲ್ಲ. ಟೇಪನ್ನು ನೋಡಿದವನೇ ಎರಡೂ ಮಣಿಕಟ್ಟುಗಳನ್ನು ಕುರ್ಚಿಯ ಕೈಗಳ ಮೇಲೆ ಇಟ್ಟು, ಬೆರಳು ಬಿಡಿಸಿ, ಉಸಿರು ಬಿಗಿಹಿಡಿದು ಕಾದ. ಅವನ ಪಕ್ಕದವನೂ ಇಟ್ಟ. ಅವನ ಆಚೆಯ ಬಿಳಿಗೂದಲಿನ ಮುದುಕನೂ. ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಸಾಲಿನ ಎರಡೂ ಕೊನೆಯವರೆಗೆ ಒಬ್ಬೊಬ್ಬರಾಗಿ ಇಪ್ಪತ್ತನಾಲ್ಕು ಕೈಗಳು ಕುರ್ಚಿಯ ಮೇಲೆ ಬಂದು ಕೂತವು. ಅಕ್ಕ ಟೇಪನ್ನು ಮುಷ್ಟಿಯಲ್ಲಿ ಮುದುಡಿ ಬೆನ್ನ ಹಿಂದೆ ಬಚ್ಚಿಟ್ಟಳು.

"ಎಷ್ಟು ಶಿಸ್ತು ನೋಡಿ" ಎಂದಳು ಹಿಂದೆ ಬಂದು ನಿಂತಿದ್ದ ಮೇಡಂ.

"ಇವರನ್ನ ಕಟ್ಟಿಹಾಕ್ತೀರಾ?"

"ಅಯ್ಯೋ, ಏನು ಮಾತು ಅಂತ ಆಡ್ತೀರಕ್ಕಾ. ಅವರಿಗೇ ಪೆಟ್ಟಾಗಬಾರದು ಅಂತ. ಇಬ್ಬರೇ ಆಯಾಗಳು, ಹನ್ನೆರಡು ಜನ. ಅದೂ ನೀವೇ ಹೊಲಿದುಕೊಟ್ಟಿದ್ದು ತಾನೇ? ಎಷ್ಟು ಮೆತ್ತಗಿದೆ ಅಂತ ನಮ್ಮ ಆಯಾಗಳೇ ಹೊಗಳ್ತಾರೆ."

ಕೆನ್ನೆಗೆ ಹೊಡೆದಂತಾಯಿತು. "ನಾನಿವನನ್ನ ಈಗಲೇ ಕರ್ಕೊಂಡು ಹೋಗ್ತೀನಿ."

"ಹೋಗಿ, ಬೇಡ ಅಂದೋರು ಯಾರು? ಆದರೆ ಅಮ್ಮ ತೀರಿಕೊಂಡಾಗ ಇವನ ಜವಾಬ್ದಾರಿ ಪೂರ್ತಿ ಸಂಸ್ಥೆಗೇ ಬರೆದುಕೊಟ್ಟಿದೀರಲ್ಲ. ಸುಮ್ನೆ ಬಿಡೋಕೆ ಬರಲ್ಲ. ರಜೆ ಅಂತ ಕಳಿಸಬಹುದು. ಇಲ್ಲೊಂದು ಸೈನ್ ಹಾಕಿ."

ಹಾಳೆಯಲ್ಲಿ ಮೂರೇ ಸಾಲು. ಆರೈಕೆ ತೃಪ್ತಿ ತಂದಿದೆ. ಯಾವ ದೂರೂ ಇಲ್ಲ. ಸಂಸ್ಥೆ ಕರೆದಾಗ ಮರಳಿ ಕಳುಹಿಸುತ್ತೇನೆ.

"ಹಾಕದಿದ್ರೆ?"

"ಡಾಕ್ಟ್ರು ಬಂದು ನೋಡಿ ತೀರ್ಮಾನ ಮಾಡ್ತಾರೆ. ಅವರು ಬರೋದು ಮುಂದಿನ ವಾರ."

ಒಂದು ವಾರ ಈ ಕುರ್ಚಿಯಲ್ಲಿ! ತಮ್ಮನ ಕೈಗಳು ಇನ್ನೂ ಹಾಗೆಯೇ ಇದ್ದವು. ಅಕ್ಕ ಉಳಿದ ಹನ್ನೊಂದು ಮುಖಗಳನ್ನು ನೋಡದೆ ಸೈನ್ ಹಾಕಿದಳು. ನೋಡಿದ್ದರೆ ಹಾಕಲು ಆಗುತ್ತಿರಲಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೇಡಂ ಗೇಟಿನವರೆಗೂ ಬಂದಳು. "ಅವನ ಜಾಗಕ್ಕೆ ಎಷ್ಟೋ ದಿನದಿಂದ ಒಬ್ಬರು ಕಾಯ್ತಿದ್ದಾರೆ. ನಿಮ್ಮ ಹಾಗೇ, ಅಕ್ಕ ಒಬ್ಬಳೇ. ನಿಮ್ಮ ನಂಬರ್ ಕೊಟ್ಟಿದೀನಿ. ಕೇಳಿದ್ರೆ ಒಂದು ಒಳ್ಳೆ ಮಾತು ಹೇಳಿ. ಕೆಟ್ಟ ಮಾತು ಹೊರಟರೆ ರಜೆ ರದ್ದು ಮಾಡಬೇಕಾಗುತ್ತೆ, ಅದು ನನಗೂ ಇಷ್ಟ ಇಲ್ಲ."

ಬಸ್‌ಸ್ಟಾಪು ಹತ್ತು ನಿಮಿಷದ ದಾರಿ. ತಮ್ಮನಿಗೆ ನಡಿಗೆ ಮರೆತೇಹೋಗಿತ್ತು. ನಾಲ್ಕು ಹೆಜ್ಜೆ ಇಡುವನು, ನಿಲ್ಲುವನು, ಮುಂದಿನ ಅಪ್ಪಣೆಗೆ ಕಾಯುವನು. "ನಡಿ ಕಂದಾ" ಎಂದರೆ ಮತ್ತೆ ನಾಲ್ಕು ಹೆಜ್ಜೆ. ಒಂದು ಬಿಳಿ ಕಾರು ಧೂಳೆಬ್ಬಿಸುತ್ತ ಅವರನ್ನು ದಾಟಿ ಆ ಮನೆಯ ಕಡೆಗೆ ಹೋಯಿತು. ಅಕ್ಕನಿಗೆ ಅದರ ಕಡೆ ಗಮನವಿರಲಿಲ್ಲ. ತಮ್ಮನ ಕಾಲುಗಳನ್ನೇ ನೋಡುತ್ತ, ತನಗೇ ಶಾಪ ಹಾಕಿಕೊಳ್ಳುತ್ತ ನಡೆದಳು. ಬಸ್‌ಸ್ಟಾಪು ಮುಟ್ಟುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು.

ಅಲ್ಲಿ ಫೋನ್ ಬಂತು. ಗೊತ್ತಿಲ್ಲದ ನಂಬರು, ಹೆಂಗಸಿನ ದನಿ.

"ಟೈಲರಕ್ಕಾನಾ? ಹಾಸ್ಟೆಲ್ ಮೇಡಂ ನಿಮ್ಮ ನಂಬರ್ ಕೊಟ್ಟಿದ್ರು. ನನ್ನ ತಮ್ಮನ ವಿಷಯ. ಇಪ್ಪತ್ತೆರಡು ವರ್ಷ ಅವನಿಗೆ. ಅಲ್ಲಿ ಚೆನ್ನಾಗಿ ನೋಡ್ಕೊಳ್ತಾರಾ ಅಕ್ಕಾ?"

ಅಕ್ಕ ತಮ್ಮನ ಮುಖ ನೋಡಿದಳು. ಒಳ್ಳೆಯ ಮಾತು ಒಂದನ್ನು ಆಡಿದರೆ ಇವನು ತನ್ನ ಬಳಿ ಉಳಿಯುತ್ತಾನೆ. ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು ಆ ಮಾತು. ಆದರೆ ಆ ಹೆಂಗಸಿನ ದನಿಯಲ್ಲಿದ್ದ ಅಂಜಿಕೆ, ಎರಡು ವರ್ಷದ ಹಿಂದಿನ ತನ್ನದೇ ಅಂಜಿಕೆ.

"ಬೇಡ ಕಣಮ್ಮಾ" ಎಂದಳು. "ಕಟ್ಟಿಹಾಕ್ತಾರೆ. ಕೈ ಎರಡನ್ನೂ ಕುರ್ಚಿಗೆ. ಆ ಬೆಲ್ಟು ಹೊಲಿದವಳೇ ನಾನು. ಬಿಡಬೇಡ ಅವನನ್ನ ಅಲ್ಲಿ."

ಆ ಕಡೆ ಕಾರು ಗಕ್ಕನೆ ನಿಂತ ಸದ್ದಾಯಿತು.

"ಅಕ್ಕಾ, ಜಾಗ ಖಾಲಿ ಆಯ್ತು, ತಕ್ಷಣ ಬನ್ನಿ ಅಂತ ಫೋನ್ ಮಾಡಿದ್ರು" ಎಂದಿತು ದನಿ. "ಈಗ ತಾನೇ ಕಾರಲ್ಲಿ ಕರ್ಕೊಂಡು ಹೋಗಿ ಬಿಟ್ಟು ಬಂದೆ. ಒಂದು ತಿಂಗಳು ನೋಡೋಕೆ ಬರಬಾರದಂತೆ."

"ಕಾರು ತಿರುಗಿಸು" ಎಂದಳು ಅಕ್ಕ. "ನಾನೂ ಬರ್ತೀನಿ. ಅಂಗಿಗಳು ನನ್ನ ಹತ್ರ ಇವೆ."

ಫೋನ್ ಇಟ್ಟು ತಮ್ಮನ ತೋಳು ಹಿಡಿದು ಬಂದ ದಾರಿಯ ಕಡೆ ತಿರುಗಿದಳು. ಅವಳು ಫೋನಿನಲ್ಲಿ ಹೇಳಿದ್ದನ್ನೆಲ್ಲ ಕೇಳಿದ್ದ ತಮ್ಮ ಆ ದಿಕ್ಕು ಕಂಡದ್ದೇ ನಿಂತುಬಿಟ್ಟ. "ಬೇಡ" ಎಂದ. ಬಸ್‌ಸ್ಟಾಪಿನ ಕಂಬವನ್ನು ಎರಡೂ ಕೈಗಳಿಂದ ತಬ್ಬಿಕೊಂಡು ಮತ್ತೆ "ಬೇಡ" ಎಂದ. ಎರಡು ವರ್ಷದಲ್ಲಿ ಅವನು ಆಡಿದ ಮೊದಲ ಮಾತು ಅದು. ಅಕ್ಕ ಅವನ ಬೆರಳುಗಳನ್ನು ಕಂಬದಿಂದ ಒಂದೊಂದಾಗಿ ಬಿಡಿಸತೊಡಗಿದಳು.