ಗೋಡೆ ಮೇಲಿನ ಮಾತು ಯಾರದ್ದು?

ತರಗತಿಯಲ್ಲಿ ಅವಳನ್ನು ಎಲ್ಲರೂ ಪಿಸುಮಾತು ಎಂದೇ ಕರೆಯುತ್ತಿದ್ದರು. ಹಾಜರಿ ಹೇಳುವಾಗಲೂ ಅವಳ ದನಿ ಎರಡನೇ ಬೆಂಚು ದಾಟುತ್ತಿರಲಿಲ್ಲ. ಅವಳ ಉತ್ತರಪತ್ರಿಕೆ ಹಿಡಿದು ವಿಭಾಗದ ಮುಖ್ಯಸ್ಥರು ಲೈಬ್ರರಿಯ ಕಂಪ್ಯೂಟರ್ ಕೋಣೆಗೆ ನುಗ್ಗಿದಾಗ ನಾನು ಮಧ್ಯಾಹ್ನದ ತಂಡಕ್ಕೆ ಪ್ರಶ್ನೆಗಳ ಚೀಟಿ ಮಡಚುತ್ತಿದ್ದೆ.

ನಾನು ಕಲಿಸುವುದು ಹುಡುಕುವುದನ್ನು. ಯಾವ ಪದ ಹಾಕಬೇಕು, ಯಾವುದನ್ನು ಬಿಡಬೇಕು, ಸಿಕ್ಕಿದ್ದನ್ನು ಎಷ್ಟು ನಂಬಬೇಕು. ಪರೀಕ್ಷೆಯಲ್ಲಿ ಒಬ್ಬೊಬ್ಬರೂ ಒಂದು ಚೀಟಿ ಎತ್ತಿ, ಉತ್ತರದ ಜೊತೆ ಹುಡುಕಿದ ದಾರಿಯನ್ನೂ ಬರೆಯಬೇಕು. ಹಿಂದಿನ ದಿನ ಪಿಸುಮಾತಿಗೆ ಬಂದದ್ದು ಮುಖ್ಯಸ್ಥರೇ ಸೇರಿಸಿದ್ದ ಪ್ರಶ್ನೆ. ಕಾಲೇಜಿನ ಹೆಬ್ಬಾಗಿಲ ಗೋಡೆಯ ಮೇಲೆ ‘ಕಲಿಕೆ ನಿಲ್ಲಿಸಿದ ಮನಸ್ಸು ನಿಂತ ಗಡಿಯಾರ’ ಎಂದಿದೆ, ಕೆಳಗೆ ಒಬ್ಬ ಹೆಸರಾಂತ ವಿಜ್ಞಾನಿಯ ಹೆಸರಿದೆ. ಅದು ಅವರ ಯಾವ ಬರಹದ ಯಾವ ಪುಟದಲ್ಲಿದೆ? ಆ ಸಾಲನ್ನು ಆರಿಸಿ ಬರೆಸಿದವರೂ ಮುಖ್ಯಸ್ಥರೇ.

ಪಿಸುಮಾತು ಬರೆದ ಉತ್ತರ: ‘ಸಿಗಲಿಲ್ಲ.’ ಅದರ ಕೆಳಗೆ ಪುಟ ತುಂಬ ದಾರಿ. ವಿಜ್ಞಾನಿಯ ಪುಸ್ತಕಗಳು, ಪತ್ರಗಳು, ಭಾಷಣಗಳು, ಅವುಗಳ ಅನುವಾದಗಳು. ಆ ಸಾಲು ಮೊದಲು ಕಾಣಿಸಿಕೊಂಡದ್ದು ನಮ್ಮದೇ ಕಟ್ಟಡದ ಉದ್ಘಾಟನೆಯ ಸ್ಮರಣ ಸಂಚಿಕೆಯಲ್ಲಿ. ಅದಕ್ಕಿಂತ ಹಿಂದೆ ಎಲ್ಲೂ ಇಲ್ಲ.

“ಸಿಗಲಿಲ್ಲ ಅಂದವಳಿಗೆ ಪೂರ್ತಿ ಅಂಕ ಕೊಟ್ಟಿದ್ದೀರಲ್ರೀ! ಸೊನ್ನೆ ಹಾಕಿ.”

“ಚೆನ್ನಾಗಿ ಹುಡುಕಿದ್ದಾಳೆ ಸರ್.”

“ಕರೀರಿ ಅವಳನ್ನ.”

ಒಂದು ವಿಷಯ ಹೋದರೂ ಅವಳ ಹಾಸ್ಟೆಲ್ ಸೀಟು ಹೋಗುತ್ತದೆ, ಸೀಟು ಹೋದರೆ ಓದೇ ಮುಗಿದಂತೆ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವಳು ಬಂದು ಬಾಗಿಲ ಪಕ್ಕ ನಿಂತಳು.

“ಹೆಸರು ಗೋಡೆ ಮೇಲೇ ಇದೆಯಲ್ಲಮ್ಮ, ಕಣ್ಣು ಕಾಣಿಸಲ್ವಾ?”

“ಕಾಣ್ಸುತ್ತೆ ಸರ್. ನೀವು ಕೇಳಿದ್ದು ಪುಟ.”

ಅವರು ಕುರ್ಚಿ ಎಳೆದು ಕೂತು, ಒಂದೇ ಬೆರಳಿನಲ್ಲಿ ಇಡೀ ಸಾಲನ್ನು ಕುಟ್ಟಿದರು. ಪರದೆ ತುಂಬಿಹೋಯಿತು. ಶುಭಾಶಯ ಪತ್ರಗಳು, ಶಾಲೆಗಳ ಜಾಲತಾಣಗಳು, ಯಾರದೋ ಭಾಷಣ.

“ನೋಡು! ಇಷ್ಟು ಜನ ಸುಳ್ಳು ಹೇಳ್ತಾರಾ?”

ಅವಳು ಬಗ್ಗಿ ನೋಡಿದಳು. “ಸುಳ್ಳಲ್ಲ ಸರ್. ಎಲ್ಲರೂ ನಮ್ಮನ್ನ ನಂಬಿದ್ದಾರೆ.”

ಅವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಏನನ್ನಾದರೂ ಹುಡುಕಿ ಖಾಲಿ ಪರದೆಯ ಮುಂದೆ ಕೂರುವುದು ಕಷ್ಟ. ಏನಾದರೂ ತುಂಬಿಬಿಡೋಣ ಅನ್ನಿಸುತ್ತದೆ. ಈ ಹುಡುಗಿ ಅದನ್ನು ಖಾಲಿಯಾಗಿಯೇ ಬಿಟ್ಟಿದ್ದಳು. ಇಡೀ ವರ್ಷ ನಾನು ಕಲಿಸಿದ್ದರಲ್ಲಿ ಕಲಿಯಲು ಕಷ್ಟವಾದದ್ದು ಅದೊಂದೇ.

“ಆ ಹೆಸರು ಬರೆದುಕೊಡು, ಪಾಸ್ ಮಾಡ್ತೀನಿ.”

“ಬರೆಯಲ್ಲ ಸರ್.”

ಅವರು ಅಂಕಪಟ್ಟಿಯನ್ನು ನನ್ನ ಮೇಜಿನ ಮೇಲೆ ಎಸೆದರು. ಅದಕ್ಕೆ ನಮ್ಮಿಬ್ಬರ ಸಹಿಯೂ ಬೇಕು. “ಸಂಜೆಯೊಳಗೆ ತಿದ್ದಿಡಿ. ನಿಮ್ಮ ಗುತ್ತಿಗೆ ಕಾಗದವೂ ನನ್ನ ಮೇಜಿಗೇ ಬರೋದು, ನೆನಪಿರಲಿ.”

ಅವರು ಹೋದ ಮೇಲೆ ಮಡಚಿದ ಚೀಟಿಗಳನ್ನೆಲ್ಲ ಕಸದ ಬುಟ್ಟಿಗೆ ಸುರಿದೆ. ಮಧ್ಯಾಹ್ನದ ತಂಡ ಬಂದಾಗ ಬೋರ್ಡಿನ ಮೇಲೆ ಒಂದೇ ಪ್ರಶ್ನೆಯಿತ್ತು, ಗೋಡೆಯ ಪ್ರಶ್ನೆ.

“ಎಲ್ಲರಿಗೂ ಒಂದೇನಾ ಮೇಡಂ? ಕಾಪಿ ಹೊಡೆಯೋಕೆ ಭಾರಿ ಅನುಕೂಲ!” ಎಂದ ಒಬ್ಬ ಹುಡುಗ.

“ಉತ್ತರ ಹೊಡ್ಕೊಳ್ಳಪ್ಪಾ. ದಾರಿ ಹೇಗೆ ಹೊಡೀತೀಯ ನೋಡೋಣ.”

ಪರೀಕ್ಷೆ ಮುಗಿಯುವ ಹೊತ್ತಿಗೆ ಮುಖ್ಯಸ್ಥರು ಬಂದರು. ಬೋರ್ಡು ನೋಡಿದರು, ನನ್ನನ್ನು ನೋಡಿದರು. ಮೊದಲ ಸಾಲಿನ ಹಾಳೆಗಳ ಮೇಲೆ ಬಗ್ಗಿದರು. ‘ಸಿಗಲಿಲ್ಲ.’ ಪಕ್ಕದ ಹಾಳೆಯಲ್ಲೂ ‘ಸಿಗಲಿಲ್ಲ.’ ಹಿಂದಿನ ಸಾಲಿನ ಒಬ್ಬ ಹುಡುಗ ಮಾತ್ರ ವಿಜ್ಞಾನಿಯ ಹೆಸರು ಬರೆದಿದ್ದ. ಅವರ ಮುಖ ಅರಳಿತು.

“ಭೇಷ್! ಪುಟ ಎಷ್ಟಪ್ಪ?”

“ಗೊತ್ತಿಲ್ಲ ಸರ್. ಬರ್ತಾ ಗೋಡೆ ನೋಡ್ಕೊಂಡು ಬಂದೆ.”

ಇಡೀ ಕೋಣೆ ಘೊಳ್ಳೆಂದಿತು. ನಾನು ನಗಲಿಲ್ಲ. ತಿದ್ದದೆ ಇಟ್ಟಿದ್ದ ಅಂಕಪಟ್ಟಿಯನ್ನು ಅವರ ಮುಂದೆ ಚಾಚಿದೆ.

“ಅವಳಿಗೆ ಸೊನ್ನೆ ಅಂದ್ರೆ ಇವರಿಗೂ ಸೊನ್ನೆ ಸರ್. ಅಂಕ ತಿದ್ದಿದ ಕಾರಣ ಬರೆಯೋ ಜಾಗದಲ್ಲಿ ನೀವೇ ಪುಟ ಸಂಖ್ಯೆ ಬರೆದುಬಿಡಿ, ನಾನೂ ಸಹಿ ಹಾಕ್ತೀನಿ.”

ಅವರು ಪೆನ್ನನ್ನು ಆ ಖಾಲಿ ಜಾಗದವರೆಗೆ ಒಯ್ದು ಹಿಂದಕ್ಕೆ ತೆಗೆದರು. ಆಮೇಲೆ ಪೂರ್ತಿ ಅಂಕದ ಪಕ್ಕ, ಹಾಳೆ ಹರಿಯುವಷ್ಟು ಒತ್ತಿ ಸಹಿ ಹಾಕಿದರು.

“ನಿಮ್ಮ ಗುತ್ತಿಗೆ ವಿಷಯ ನಾಳೆ ಮಾತಾಡೋಣ.”

“ಆಗಲಿ ಸರ್,” ಎಂದು ಹಾಳೆಗಳನ್ನು ಒಟ್ಟುಮಾಡತೊಡಗಿದೆ. “ಆದ್ರೆ ಗೋಡೆ ವಿಷಯವೂ ಮಾತಾಡ್ಬೇಕು.”